ಕೊಟ್ಟ ಮಾತಿನ ಹೊರೆ

ಒಂದಾನೊಂದು ಕಾಲಕ್ಕೆ ಒಬ್ಬ ಪತ್ರಕರ್ತನಿದ್ದ. ದೇವರು ಕೊಟ್ಟ ಎರಡೂ ಕೈಗಳಲ್ಲಿ ಅವನು ಕ್ಯಾಮೆರಾ ಹಿಡಿದಿದ್ದ. ಕಾಡಂಚಿನ ದಾರಿಯಲ್ಲಿ ಕಟ್ಟಿಗೆ ಹೊತ್ತವಳೊಬ್ಬಳು ಎದುರಾದಳು.

“ಯಣ್ಣಾ, ಕುತ್ತಿಗಿ ಮುರಿಯಾಕ ಹತ್ತೈತಿ. ಹೊರಿ ಇಳಸಾಕ ಒಂದೀಟು ಕೈ ಹಚ್ಚು.”

“ಇಳಿಸ್ತೀನಮ್ಮಾ, ಖಂಡಿತ. ಒಂದು ಶಾಟ್ ತಗೋತೀನಿ, ಹಾಗೇ ನಿಂತಿರು. ನೋವು ಮುಖದಲ್ಲಿ ಚೆನ್ನಾಗಿ ಬರ್ತಿದೆ.”

ಶಾಟ್ ಮುಗಿದದ್ದೇ ಅವನು ಜೀಪು ಹತ್ತಿದ. ಆ ನೋವು ಮುಖಪುಟಕ್ಕೆ ಬಂತು, ಸಾಕ್ಷ್ಯಚಿತ್ರವಾಯಿತು, ಪ್ರಶಸ್ತಿ ತಂದಿತು, ಅವನಿಗೆ ಶಾಲು ಹೊದಿಸಿತು.

ವರ್ಷಗಳ ಮೇಲೆ, ಅದೇ ದಾರಿಯಲ್ಲಿ ಅವನು ಓಡಿಬಂದು ಅದೇ ಹೆಂಗಸಿನ ಹೊರೆಗೆ ಎರಡೂ ಕೈ ಹಚ್ಚಿದ.

“ಅಂತೂ ನೆನಪಾತೇನ್ ಯಣ್ಣಾ?”

“ಸ್ವಲ್ಪ ತಡಿಯಮ್ಮಾ,” ಎಂದವನು ಹಿಂದಕ್ಕೆ ತಿರುಗಿ ಕೇಳಿದ: “ನನ್ನ ಮುಖ ಕಾಣ್ತಿದೆಯೇನ್ರೀ?”

ಅವನ ಸಾಧನೆಯ ಸಾಕ್ಷ್ಯಚಿತ್ರ ತೆಗೆಯುತ್ತಿದ್ದವರು “ಕಾಣ್ತಿದೆ ಸರ್” ಎಂದ ಮೇಲೆ, ಅವನು ಹೊರೆ ಇಳಿಸಿದ.