ಒಂದು ಹಲ್ಲು ಕಮ್ಮಿ

"ಇವಳು ಇದನ್ನ ಬೇಡ ಅಂತಾಳೆ, ಮೇಸ್ತ್ರಿ," ಎನ್ನುತ್ತ ಅಪ್ಪ ಕರವಸ್ತ್ರ ಬಿಚ್ಚಿ ಪುಟ್ಟ ಹಲ್ಲಿನ ಸೆಟ್ಟನ್ನು ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಆರು ವರ್ಷದ ಮಗಳು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಳು.

ಹಲ್ಲು ಕಟ್ಟುವ ಮೇಸ್ತ್ರಿ ಸೆಟ್ಟನ್ನು ಅತ್ತ ಇತ್ತ ತಿರುಗಿಸಿ ನೋಡಿದ. ಆಸ್ಪತ್ರೆಯ ಹಿಂಬದಿಯ ಈ ಕೋಣೆಯಲ್ಲಿ ಮೂವತ್ತು ವರ್ಷ ಕೂತು ಮುದುಕರ ಬಾಯಿಗಳನ್ನೇ ತುಂಬಿಸಿದವನು ಅವನು. ಮಗುವಿಗೆಂದು ಕಟ್ಟಿದ್ದು ಇದೊಂದೇ. ಒಂದೊಂದು ಹಲ್ಲನ್ನೂ ಉಜ್ಜಿ ಉಜ್ಜಿ ಸಣ್ಣದು ಮಾಡಿ, ಉಸಿರು ಬಿಗಿಹಿಡಿದು ಕೂರಿಸಿದ್ದ.

ಹುಡುಗಿಗೆ ಹುಟ್ಟಿನಿಂದಲೇ ಹಲ್ಲಿನ ಮೊಳಕೆ ಇರಲಿಲ್ಲ. ಮೇಲಿನ ಎರಡು ಮೊನೆ ಹಲ್ಲು ಬಿಟ್ಟರೆ ಬಾಯೆಲ್ಲ ಬಯಲು. ಎಲುಬಿಗೆ ತಿರುಪು ಹಾಕಿ ಕೂರಿಸುವ ಹಲ್ಲು ಈಗ ಬೇಡ, ದವಡೆ ಬೆಳೆದು ನಿಲ್ಲಲಿ. ಅಲ್ಲಿಯವರೆಗೆ ತೆಗೆದು ಹಾಕುವ ಸೆಟ್ಟೇ ಸರಿ, ಬೆಳೆದ ಹಾಗೆಲ್ಲ ಬದಲಿಸೋಣ ಎಂದಿದ್ದರು ಡಾಕ್ಟರಮ್ಮ. ಸೆಟ್ಟು ಹಾಕಿದ ದಿನವೇ ಹುಡುಗಿ ಸೌತೆಕಾಯಿ ಕರಕರ ಕಡಿದು ಮನೆಮಂದಿಯ ಕಿವಿ ತೂತು ಮಾಡಿದ್ದಳಂತೆ. ಈಗ ಮೂರು ದಿನದಿಂದ ಹಟ. ಹೀಗೇ ಬಿಟ್ಟರೆ ಮತ್ತೆ ನುಂಗುವುದೇ ಗತಿ, ತೊದಲುವುದೇ ಗತಿ ಎಂದು ಅಪ್ಪ ಹಣೆ ಒರೆಸಿಕೊಂಡ.

ಎಲ್ಲಾದರೂ ಒತ್ತುತ್ತದೆಯೇ ಎಂದು ಮೇಸ್ತ್ರಿ ಕೇಳಿದ. ಅವಳು ಅಡ್ಡಡ್ಡ ತಲೆಯಾಡಿಸಿ ಏನೋ ಅಂದಳು. ಒಂದಕ್ಷರವೂ ತಿಳಿಯಲಿಲ್ಲ.

"ಯಾಕೆ ಬೇಡ ಅಂತ ಅದನ್ನ ಹಾಕ್ಕೊಂಡೇ ಹೇಳು ಪುಟ್ಟಿ."

ಅವಳು ಹಾಕಿಕೊಂಡಳು. "ಎಲ್ಲರದ್ದೂ ಬೀಳ್ತಿದೆ. ನಂದೊಂದೇ ಬೀಳಲ್ಲ."

ಆಮೇಲೆ ಒಂದೊಂದಾಗಿ ಹೊರಬಿತ್ತು. ತರಗತಿಯಲ್ಲಿ ದಿನಕ್ಕೊಬ್ಬರು ಬಿದ್ದ ಹಲ್ಲು ತಂದು ತೋರಿಸುತ್ತಾರೆ, ಟೀಚರ್ ಚಪ್ಪಾಳೆ ಹೊಡೆಸುತ್ತಾರೆ. ಪಕ್ಕದಲ್ಲಿ ಕೂರುವವಳು, ನಿನ್ನದು ಅಜ್ಜಿ ಹಲ್ಲು, ಅಲ್ಲಾಡುವುದೇ ಇಲ್ಲ ಎಂದು ಅಣಕಿಸಿದ್ದಾಳೆ.

"ಅಲ್ಲ ಕಣೇ, ಹಲ್ಲು ಬರಲಿ ಅಂತ ಆರು ವರ್ಷ ಕಾದ್ವಲ್ಲೇ," ಎಂದ ಅಪ್ಪ, ನಗಬೇಕೋ ಅಳಬೇಕೋ ತೋಚದೆ.

ಮೇಸ್ತ್ರಿ ಎದ್ದು ಡಾಕ್ಟರಮ್ಮನ ಕೋಣೆಗೆ ಹೋದ. ಅವರು ಕನ್ನಡಕ ಜಾರುವಷ್ಟು ನಕ್ಕು, ಅಗಿಯುವ ಹಲ್ಲು ಮುಟ್ಟಬೇಡಿ, ಮುಂದುಗಡೆಯದು ಒಂದನ್ನು ತೆಗೆದರೆ ಅಡ್ಡಿಯಿಲ್ಲ ಎಂದರು. ಅವನು ವಾಪಸು ಬಂದು ಅವಳ ಬಾಯಿಂದ ಸೆಟ್ಟನ್ನು ತೆಗೆಸಿ, ತೊಳೆದು ಕೈಗೆತ್ತಿಕೊಂಡ. ಕೆಳಸಾಲಿನ ಮುಂದಿನ ಹಲ್ಲು. ಎಲ್ಲಕ್ಕಿಂತ ಚೆನ್ನಾಗಿ ಕೂತದ್ದೇ ಅದು. ತಾನು ಕಟ್ಟಿದ್ದನ್ನು ತಾನೇ ಕೆಡವಲು ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಸಣ್ಣ ಚಕ್ರ ಕಿರ್ರೆಂದಿತು. ಹಲ್ಲು ಟಪ್ಪೆಂದು ಮೇಜಿಗೆ ಬಿತ್ತು. ನಾಲಿಗೆ ತರಚದಂತೆ ಅಂಚು ನಯಮಾಡಿ ಸೆಟ್ಟನ್ನು ಅವಳ ಕೈಗೆ ಕೊಟ್ಟ.

ಅವಳು ಹಾಕಿಕೊಂಡು ಆ ಸಂದಿಯಲ್ಲಿ ನಾಲಿಗೆಯ ತುದಿ ತೂರಿಸಿದಳು. "ಹೊಸದು ಯಾವಾಗ ಬರುತ್ತೆ?"

"ಮುಂದಿನ ಸೆಟ್ಟಲ್ಲಿ. ದೊಡ್ಡದೇ ಬರುತ್ತೆ."

ಅಷ್ಟು ಸಾಕಾಯಿತು. ಮೇಜಿನ ಮೇಲಿನ ಹಲ್ಲನ್ನು ಬಾಚಿಕೊಂಡು ಒಂದೇ ಓಟಕ್ಕೆ ಹೊರಗೆ ಹೋದಳು. ಅಲ್ಲಿ ಬೆಂಚಿನ ಮೇಲೆ ಕೆನ್ನೆ ಹಿಡಿದುಕೊಂಡು ಸಾಲಾಗಿ ಕೂತವರಿಗೆಲ್ಲ ಅಂಗೈ ಬಿಚ್ಚಿ ತೋರಿಸಿದಳು. "ನೋಡಿ, ನಂದೂ ಬಿತ್ತು."

ಉಳಿದಿದ್ದ ಒಂದೇ ಹಲ್ಲನ್ನು ಕೀಳಿಸಲು ಬಂದಿದ್ದ ಮುದುಕ, ಬಾಯಿಗೆ ಅಡ್ಡ ಹಿಡಿದಿದ್ದ ಕೈಯನ್ನು ಮೆಲ್ಲಗೆ ತೆಗೆದ.

"ನಂದೂ ಇವತ್ತೇ ಕಣಮ್ಮ," ಎಂದು ಬಾಯ್ತುಂಬ ನಕ್ಕ.