ಕಿವಿಯಲ್ಲಿ ಬಿಳಿ ವೈರು

"ಬಂಡೆಗೆ ಕೂಗಿದ್ರೂ ತಿರುಗಿ ದನಿ ಬರುತ್ತೆ. ಇವನಿಗೆ ಕೂಗಿದ್ರೆ ಅದೂ ಇಲ್ಲ."

ಮೇಲ್ವಿಚಾರಕ ಬೋರ್ಯೆ ಕಾಫಿ ಮೇಜಿನ ತುದಿಯಲ್ಲಿ ನಿಂತು ಇಡೀ ಪಾಳಿಯ ಎದುರು ಹೇಳಿದ. ಕೆಲವರು ನಕ್ಕರು. ಕೆಲವರು ಬನ್ನು ಕಚ್ಚುವ ನೆಪದಲ್ಲಿ ತಲೆ ತಗ್ಗಿಸಿದರು. ಎಸ್ಕಿಲ್ ಮಾತ್ರ ಬೋರ್ಯೆಯ ತುಟಿ ಮುಚ್ಚಿದ ಪೊರಕೆ ಮೀಸೆಯನ್ನೇ ದಿಟ್ಟಿಸಿದ.

"ಏನ್ ಗುರಾಯಿಸ್ತೀಯ? ಬಿಸಿನೀರಿನ ಪೈಪು ಒಡೆದು ಹರೀತಾ ಇದೆ, ನಾನು ಗಂಟಲು ಹರ್ಕೊಂಡು ಕೂಗ್ತಾ ಇದ್ದೀನಿ, ದೊರೆಮಗ ಆರಾಮಾಗಿ ಟೊಮ್ಯಾಟೊ ಕೀಳ್ತಾ ಇದ್ದಾನೆ. ಇನ್ನೊಂದ್ಸಲ ಹೀಗಾದ್ರೆ ಚಳಿಗಾಲಕ್ಕೆ ನೀನಿಲ್ಲ."

ಎಸ್ಕಿಲ್ ತನ್ನ ಟೊಮ್ಯಾಟೊ ಸಾಲಿಗೆ ಮರಳಿದ. ಪಕ್ಕದ ಸಾಲಿನ ಥಾವ್ ಗಿಡಗಳ ನಡುವೆ ಮುಖ ತೂರಿಸಿದಳು. ವಿಯೆಟ್ನಾಮಿನಿಂದ ಬಂದು ಈ ಗಾಜಿನಮನೆಯಲ್ಲೇ ಹಳಬಳಾದವಳು.

"ಚಳಿಗಾಲಕ್ಕೆ ಇಟ್ಕೊಳಲ್ಲ ಅಂದ. ಕೇಳಿಸ್ಕೊಂಡೆ ತಾನೇ?"

ಎಸ್ಕಿಲ್ ಹೌದೆಂದು ತಲೆಯಾಡಿಸಿದ. ಕೈಯಲ್ಲಿದ್ದ ಹಣ್ಣು ಹಿಸುಕಿಹೋಗಿ ರಸ ಮೊಣಕೈತನಕ ಇಳಿಯಿತು.

ಬೇಸಿಗೆಯಲ್ಲಿ ಇಲ್ಲಿ ಯಾರಿಗಾದರೂ ಕೆಲಸ ಸಿಗುತ್ತದೆ. ಹೊರಗೆ ಹಿಮ ಬಿದ್ದು ಒಳಗೆ ದೀಪದ ಬೆಳಕಿನಲ್ಲಿ ಹಣ್ಣು ಬೆಳೆಯುವಾಗ ಬೆರಳೆಣಿಕೆಯ ಮಂದಿ ಸಾಕು. ಆ ಮಂದಿಗೆ ಇರಲು ಹಿತ್ತಿಲ ಕೋಣೆಯೂ ಸಿಗುತ್ತದೆ. ಉಳಿದವರು ಎಲ್ಲಿಂದ ಬಂದರೋ ಅಲ್ಲಿಗೆ. ಎಸ್ಕಿಲ್ ಬಂದದ್ದು ಮಲತಂದೆಯ ಸೋಫಾದಿಂದ. 'ಶಾಲೆ ಬಿಟ್ಟ ಶನಿ' ಎಂದು ಆ ಮನುಷ್ಯ ಅವನಿಗೆ ಹೆಸರಿಟ್ಟಿದ್ದ. ಆ ಸೋಫಾಕ್ಕಿಂತ ಚರಂಡಿ ವಾಸಿ.

ಗಾಜಿನಮನೆಯೊಳಗೆ ಫೋನು ತರುವಂತಿಲ್ಲ. ಹಣ್ಣಿನ ಪೆಟ್ಟಿಗೆಗೆ ಬಿದ್ದು ಅಂಗಡಿಯವರೆಗೂ ಹೋದದ್ದುಂಟು. ಹಾಗಾಗಿ ಎಲ್ಲರ ಎದೆಯ ಜೇಬಿನಲ್ಲೂ ಬೆಂಕಿಪೊಟ್ಟಣದಷ್ಟು ದೊಡ್ಡ ಹಾಡಿನ ಪೆಟ್ಟಿಗೆ, ಕಿವಿಯಲ್ಲಿ ವೈರು. ವೈರು ಇದ್ದವರನ್ನು ಯಾರೂ ಕೂಗುವುದಿಲ್ಲ, ಹತ್ತಿರ ಹೋಗಿ ಭುಜ ತಟ್ಟುತ್ತಾರೆ. ಅದು ಇಲ್ಲಿನ ಮರ್ಯಾದೆ. ಬರಿಗಿವಿಯಲ್ಲಿ ಇದ್ದವನು ಎಸ್ಕಿಲ್ ಒಬ್ಬನೇ. ಬೋರ್ಯೆಯ ಕೂಗೆಲ್ಲ ಅವನ ಪಾಲಿಗೇ.

ಶನಿವಾರ ಎಸ್ಕಿಲ್ ಹಾಡಿನ ಪೆಟ್ಟಿಗೆ ಕೊಳ್ಳಲು ಪೇಟೆಯ ಅಂಗಡಿಗೆ ಹೋದ.

"ಎಷ್ಟು ಹಾಡು ಹಿಡಿಸ್ಬೇಕು?" ಅಂಗಡಿಯ ಹುಡುಗಿ ಕೇಳಿದಳು.

"ಎಲ್ಲಕ್ಕಿಂತ ಅಗ್ಗದ್ದು ಕೊಡಿ."

"ಇದೆ. ಆದ್ರೆ ತಗಡು ಬಡಿದ ಹಾಗೆ ಕೇಳುತ್ತೆ, ಆಮೇಲೆ ಬಂದು ಜಗಳ ಆಡ್ಬೇಡಿ. ಸ್ವಲ್ಪ ಜಾಸ್ತಿ ಕೊಟ್ರೆ..."

"ತಗಡೇ ಸಾಕು. ವೈರು ಬಿಳೀದಿರ್ಲಿ. ದೂರಕ್ಕೆ ಕಾಣೋ ಹಾಗೆ."

"ಓ, ಶೋಕಿಗೆ." ಹುಡುಗಿ ನಕ್ಕಳು. ನಕ್ಕು ಮುಗಿದರೂ ಅವನ ಕಣ್ಣು ಅವಳ ತುಟಿಯ ಮೇಲೇ ಇತ್ತು. "ಏನ್ರೀ, ನನ್ನ ಬಾಯಲ್ಲಿ ಸಿನಿಮಾ ಓಡ್ತಿದೆಯಾ?"

ಎಸ್ಕಿಲ್ ಕೆಂಪಗಾಗಿ, ಪೊಟ್ಟಣ ಕಿತ್ತುಕೊಂಡವನಂತೆ ಹೊರಬಿದ್ದ.

ಸೋಮವಾರದಿಂದ ಬೋರ್ಯೆ ಸಾಲಿನುದ್ದ ನಡೆದು ಬಂದು ಅವನ ಭುಜ ತಟ್ಟಬೇಕಾಯಿತು. ತಟ್ಟಿದ ಕ್ಷಣ ಎಸ್ಕಿಲ್ ತಿರುಗುತ್ತಿದ್ದ, ತೋರಿಸಿದ ಕಡೆ ಓಡುತ್ತಿದ್ದ. ಹೇಳಿದ್ದು ಮುಗಿಯುವ ಮೊದಲೇ ಕೆಲಸ ಮುಗಿಯುತ್ತಿತ್ತು. "ಹಾಡು ಹೊಟ್ಟೆಗೆ ಬಿದ್ಮೇಲೆ ಇವನು ಮನುಷ್ಯ ಆದ," ಎಂದು ಬೋರ್ಯೆ ಥಾವ್ ಮುಂದೆ ಗೊಣಗಿದ.

ಥಾವ್‌ಗೆ ಕುತೂಹಲ.

"ಅದೇನು ಕೇಳ್ತೀಯ ದಿನಾ? ಒಂದು ಕಿವಿಗೆ ನಂಗೂ ಕೊಡು."

ಅವಳು ವೈರಿಗೆ ಕೈ ಹಾಕಿದಳು. ಎಸ್ಕಿಲ್ ಹಾವು ಮುಟ್ಟಿದವನಂತೆ ಹಿಂದಕ್ಕೆ ಜಿಗಿದ. ಬಳ್ಳಿಯೊಂದು ಮುರಿದು ಬಿತ್ತು.

"ಆಯ್ತಪ್ಪ. ನಿನ್ನ ಹಾಡು ನೀನೇ ಇಟ್ಕೋ." ಥಾವ್ ತನ್ನ ಹಣ್ಣಿನ ಪೆಟ್ಟಿಗೆ ಎತ್ತಿಕೊಂಡು ಆಚೆ ಹೋದಳು. ಆಮೇಲೆ ಗಿಡಗಳ ನಡುವೆ ಅವಳ ಮುಖ ಕಾಣಿಸಿಕೊಳ್ಳಲಿಲ್ಲ. ಹಲವು ಸಲ ಎಸ್ಕಿಲ್ ಅವಳ ಸಾಲಿನ ಬಾಯಿಯವರೆಗೆ ಹೋದ. ಪ್ರತಿ ಸಲವೂ ಹಲ್ಲು ಕಚ್ಚಿಕೊಂಡು ಹಿಂದಿರುಗಿದ.

ಅಕ್ಟೋಬರ್‌ನಲ್ಲಿ ಬೇಸಿಗೆಯ ಗಿಡಗಳನ್ನು ಕಿತ್ತು ರಾಶಿ ಹಾಕಿದರು. ಕೊನೆಯ ಕಾಫಿ ಅಂಗಳದಲ್ಲಿ. ಕಾಫಿಗೆ ಕುಳಿತಾಗ ವೈರು ಜೇಬಿಗೆ ಹೋಗಬೇಕು, ಅದೂ ಮರ್ಯಾದೆಯೇ. ಎಸ್ಕಿಲ್ ಕೂಡ ತೆಗೆದಿಟ್ಟ.

ಬೋರ್ಯೆ ಕಪ್ಪನ್ನು ಮೀಸೆಗೆ ಹಿಡಿದುಕೊಂಡೇ ಒಬ್ಬೊಬ್ಬರಿಗೂ ಕೃತಜ್ಞತೆ ಹೇಳಿದ. ಅವನು ಯಾವುದನ್ನೂ ಎರಡು ಸಲ ಹೇಳುವವನಲ್ಲ. ಈ ಕರಾವಳಿಯಲ್ಲಿ ಯಾರೂ ಹೇಳುವುದಿಲ್ಲ. ಕೇಳಿದ್ದಕ್ಕೆ ಸುಮ್ಮನಿದ್ದರೆ ಬೇಡ ಎಂದು ಅರ್ಥ, ಮತ್ತೆ ಕೇಳುವುದು ಅವಮಾನ. ಎಸ್ಕಿಲ್ ಆ ಮೀಸೆಯಿಂದ ಕಣ್ಣು ಕೀಳಲಿಲ್ಲ. ಎಲ್ಲರೂ ಕಪ್ಪು ಎತ್ತಿದರು, ನಕ್ಕರು. ಯಾರೂ ಅವನ ಕಡೆ ನೋಡಲಿಲ್ಲ. ಜಾಗ ತನಗಿಲ್ಲ, ಮುಗಿಯಿತು. ಅವನು ಕಪ್ಪನ್ನು ಕುಕ್ಕಿ ಎದ್ದು ಗೇಟಿನ ಕಡೆ ಹೊರಟ.

"ಎಸ್ಕಿಲ್," ಬೋರ್ಯೆ ಬೆನ್ನ ಹಿಂದಿನಿಂದ ಹೇಳಿದ. "ಅವತ್ತು ಎಲ್ಲರೆದುರು ಹಾಗಂದಿದ್ದು ನನ್ನ ತಪ್ಪು. ಚಳಿಗಾಲದ ಜಾಗ ನಿಂಗೆ ಅಂತ ಇಟ್ಟಿದ್ದೀನಿ. ಇರ್ತೀಯಾ?"

ಎಸ್ಕಿಲ್‌ನ ಹೆಜ್ಜೆ ನಿಲ್ಲಲಿಲ್ಲ.

"ಸೊಕ್ಕು ನೋಡು," ಯಾರೋ ಅಂದರು.

ಬೋರ್ಯೆಯ ಕುತ್ತಿಗೆ ಕೆಂಪೇರಿತು. ಕಾಫಿಯ ಗಸಿಯನ್ನು ನೆಲಕ್ಕೆ ಚೆಲ್ಲಿದ. "ಸರಿ. ಥಾವ್, ಜಾಗ ನಿಂದು."

ಥಾವ್ ಮುಖ ಅರಳುವಷ್ಟರಲ್ಲಿ ಗೊಬ್ಬರದ ಲಾರಿ ಶೆಡ್ಡಿನ ಮರೆಯಿಂದ ಅಂಗಳಕ್ಕೆ ತಿರುಗಿ, ದಾರಿಯ ನಡುವೆ ಹೋಗುತ್ತಿದ್ದವನ ಹಿಂದೆ ಹಾರ್ನ್ ಹೊಡೆಯಿತು. ಕಾಗೆಗಳು ಚದುರಿದವು. ಬೋರ್ಯೆಯ ಕೈಯಿಂದ ಕಪ್ಪು ಜಾರಿತು. ಲಾರಿ ಬ್ರೇಕು ಹಾಕಿ ನಿಂತು ಮತ್ತೆ ಹೊಡೆಯಿತು, ಬಿಡದೆ ಹೊಡೆಯಿತು. ಥಾವ್ ಬಾಯಿಗೆ ಕೈ ಒತ್ತಿಕೊಂಡಳು.

ಒಂದು ಹಾಡನ್ನೂ ತುಂಬಿಸದ ಪೆಟ್ಟಿಗೆಯನ್ನು ಜೇಬಿನಲ್ಲಿಟ್ಟುಕೊಂಡ ಎಸ್ಕಿಲ್ ಬೆಚ್ಚಲಿಲ್ಲ, ತಿರುಗಲಿಲ್ಲ. ಈಗಲಾದರೂ ಯಾರಾದರೂ ಬಂದು ಭುಜ ತಟ್ಟಿಯಾರೆಂದು ಹೆಜ್ಜೆಯನ್ನು ಆದಷ್ಟು ನಿಧಾನ ಮಾಡುತ್ತ ಗೇಟು ದಾಟಿಹೋದ.