ಬಿಳಿ ಪಟ್ಟೆಯ ಪೈಪು

"ಅದೊಂದ್ ಕಡೆ ಬ್ಯಾಡ ಕಣಕ್ಕಾ, ಬುಟ್ಬುಡಿ," ಎಂದ ಬಾಯ್ಲರ್ ನೋಡಿಕೊಳ್ಳುವ ಪುಟ್ಟರಾಜು. ತಪಾಸಣೆಗೆಂದು ಕುದಿನೀರಿನ ಹರಿವು ನಿಲ್ಲಿಸಿದ್ದ ಪೈಪಿನ ಮೇಲೆ ಇಂಜಿನಿಯರ್ ನೀಲಾಂಬಿಕೆಯ ಉಳಿ ನಿಂತಿತು. ಇಲ್ಲೇ ಕೆಲಸಕ್ಕಿದ್ದ ಅವಳ ಗಂಡ ಸಿದ್ದೇಶ ತನ್ನ ಕೊನೆಯ ಆಯುಧಪೂಜೆಯಂದು ಬಿಳಿ ಬಣ್ಣದಲ್ಲಿ ಮೂರು ಬೆರಳದ್ದಿ ಎಳೆದಿದ್ದ ವಿಭೂತಿ ಪಟ್ಟೆ ಅಲ್ಲಿತ್ತು.

ಅವನು ತೀರಿಹೋದ ಮೇಲೆ ಹಾಸನದ ಆ ಬಟ್ಟೆ ಕಾರ್ಖಾನೆಯವರು ವರ್ಷವರ್ಷ ಪೈಪಿಗೆ ಬಣ್ಣ ಬಳಿದರೂ ಪಟ್ಟೆಯನ್ನು ಮುಟ್ಟುತ್ತಿರಲಿಲ್ಲ. ಅವಳೂ ಪ್ರತಿ ತಪಾಸಣೆಯಲ್ಲಿ ಅಕ್ಕಪಕ್ಕವಷ್ಟೇ ಕೆರೆದು, ಪೈಪಿನ ತಗಡಿನ ದಪ್ಪ ಅಳೆದು, "ಇನ್ನೊಂದು ವರ್ಷ ತಡೆಯುತ್ತೆ" ಎನ್ನುತ್ತಿದ್ದಳು.

ಇಂದು ಪಟ್ಟೆಯನ್ನೇ ಕೆರೆದಳು. ಬಣ್ಣದೊಂದಿಗೆ ತುಕ್ಕು ಹಕ್ಕಳೆಯಾಗಿ ಎದ್ದು, ಉಳಿಯ ತುದಿ ಪೈಪಿನೊಳಕ್ಕೇ ಇಳಿಯಿತು. ನೇರ ಕೆಳಗೆ ಪುಟ್ಟರಾಜು ದಿನವೂ ಕೂರುವ ಸ್ಟೂಲಿತ್ತು.

"ನಿನಗೆ ಗೊತ್ತಿತ್ತೇನೋ?"

"ಸವೆದೈತೆ ಅನ್ನುಸ್ತಿತ್ತು ಕಣಕ್ಕಾ. ನಿಮ್ಗೆ ಎಂಗೆ ಯೋಳದು?"

"ಇವತ್ತೇ ಈ ಪೈಪು ಕೊಯ್ಸಿಬಿಡು," ಎಂದಳು. ಕೊಯ್ಯುವವರು ಬರುವ ತನಕ ಆ ಸ್ಟೂಲಿನ ಮೇಲೆ ತಾನೇ ಕೂತಿದ್ದಳು.